ಯಿಡ್ಡಿಷ್ ಕಲಿತರೆ ಕೆಲಸ ಸಿಗುತ್ತದೆಯೇ?

ಇತಿಹಾಸದಲ್ಲಿ ಎಂ.ಎ. ಆಗಿದೆ, ಯಹೂದಿ ಇತಿಹಾಸ ಮತ್ತು ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್ ಹಿಡಿದು ಪಿಎಚ್‌ಡಿ ಮಾಡಿದರೆ ಅಧ್ಯಾಪಕನಾಗಬಹುದೇ ಎಂದು ಕೇಳಿದ್ದೀರಿ.

ಆಗಬಹುದು. ಆದರೆ ಯಿಡ್ಡಿಷ್ ಅಧ್ಯಾಪಕ ಎಂಬ ಹುದ್ದೆಯನ್ನೇ ನಂಬಿ ಹೊರಡಬೇಡಿ, ಅಂಥವು ಬೆರಳೆಣಿಕೆಯಷ್ಟು. ಈ ಕ್ಷೇತ್ರದ ಭೀಷ್ಮ ಮ್ಯಾಕ್ಸ್ ವೈನ್‌ರೈಖ್ ಅವರನ್ನೇ ನೋಡಿ. ಮನೆಮಾತು ಜರ್ಮನ್, ಯಿಡ್ಡಿಷ್ ಆಮೇಲೆ ಕಲಿತದ್ದು. 1923ರಲ್ಲಿ ಮಾರ್‌ಬುರ್ಗ್‌ನಲ್ಲಿ ಡಾಕ್ಟರೇಟ್. 1925ರಲ್ಲಿ ಹುಟ್ಟಿದ ಯಿವೊ ಎಂಬ ಯಿಡ್ಡಿಷ್ ಸಂಶೋಧನಾ ಸಂಸ್ಥೆಯನ್ನು ವಿಲ್ನಾದಲ್ಲಿ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಬೆಳೆಸಿದರು. 1939ರಲ್ಲಿ ಯುದ್ಧ ಶುರುವಾದಾಗ ಡೆನ್ಮಾರ್ಕ್‌ನಲ್ಲಿದ್ದರು, ಜೀವ ಉಳಿಯಿತು. ಯಿಡ್ಡಿಷ್ ಪ್ರಾಧ್ಯಾಪಕ ಎಂದು ಕಾಲೇಜೊಂದು ಕರೆದದ್ದು 1947ರಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಅವರಿಗೆ 53.

ನನ್ನ ಮನೆಮಾತು ಕೊಂಕಣಿ, ಬರೆಯುವುದು ಕನ್ನಡ ಲಿಪಿಯಲ್ಲಿ. ಹಾಗಾಗಿ ಜರ್ಮನ್‌ಗೆ ನೆಂಟನಾದ ಭಾಷೆ ಹೀಬ್ರೂ ಅಕ್ಷರದಲ್ಲಿ ಇರುವುದು ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಎಡವಿದ್ದು ಬೇರೆ ಕಡೆ. ಯಿಡ್ಡಿಷ್‌ನಲ್ಲಿ ಜರ್ಮನ್ ಮೂಲದ ಪದಗಳನ್ನು ಉಚ್ಚಾರದಂತೆ ಬರೆಯುತ್ತಾರೆ. ಹೀಬ್ರೂವಿನಿಂದ ಬಂದವನ್ನು ಮಾತ್ರ ಅದರ ಹಳೆಯ ಕಾಗುಣಿತದಲ್ಲೇ, ಸ್ವರ ಬಿಟ್ಟು. ಮೊದಲ ವರ್ಷ ಒಂದು ಕಾಗದದಲ್ಲಿ ಆಲೆಫ್, ಮೆಮ್, ಸೋಫ್ ಎಂಬ ಮೂರಕ್ಷರ ಕಂಡು ‘ಅಮ್ಟ್’ ಎಂದು ಓದಿದೆ. ಅಂದರೆ ಕಚೇರಿ. ಯಾವ ಕಚೇರಿ ಇರಬಹುದೆಂದು ಅರ್ಧ ಪುಟ ಟಿಪ್ಪಣಿಯನ್ನೂ ಬರೆದೆ! ಅದು ‘ಎಮೆಸ್’, ಸತ್ಯ.

ಸೋವಿಯತ್ ಯಿಡ್ಡಿಷ್‌ನವರು ಇದೇ ಪದವನ್ನು ಕಿವಿಗೆ ಕೇಳಿದಂತೆ ಬರೆದರು. ಹೀಬ್ರೂ ಪುರೋಹಿತರ ಭಾಷೆ, ಅದರ ಕಾಗುಣಿತ ನಮಗೆ ಬೇಡ ಎಂಬ ಹಟ. ಮಾಸ್ಕೋದ ‘ಡೆರ್ ಎಮೆಸ್’ ಪತ್ರಿಕೆ ತನ್ನ ಹೆಸರನ್ನೂ ಹಾಗೆಯೇ ಅಚ್ಚು ಹಾಕುತ್ತಿತ್ತು. ಒಂದು ಪದ ನೋಡಿ ಬರೆದವರು ಯಾವ ಪಾಳಯದವರು ಎಂದು ಅಂದಾಜು ಮಾಡಬಹುದು. ಅನುವಾದದಲ್ಲಿ ಓದುವವರಿಗೆ ಇದು ಕಾಣುವುದೇ ಇಲ್ಲ.

ಆದ್ದರಿಂದ ಇತಿಹಾಸ ವಿಭಾಗಕ್ಕೇ ಅರ್ಜಿ ಹಾಕಿ, ಯಿಡ್ಡಿಷ್ ನಿಮ್ಮ ಕೈಯ ಹತಾರವಾಗಿರಲಿ. ಜೊತೆಗೆ ಹೀಬ್ರೂ, ಜರ್ಮನ್, ಪೋಲಿಷ್ ಅಥವಾ ರಷ್ಯನ್ ಬೇಕಾಗುತ್ತದೆ (ಹೌದು, ವರ್ಷಗಳೇ ಹಿಡಿಯುತ್ತವೆ). ನಾನು ಈಗ ಪಾಠ ಮಾಡುವುದು ಆಧುನಿಕ ಯುರೋಪಿನ ಇತಿಹಾಸ. ಯಿಡ್ಡಿಷ್ ವಾರಕ್ಕೊಂದೇ ತರಗತಿ, ಐದು ಜನ ವಿದ್ಯಾರ್ಥಿಗಳು.

ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಅಮೆರಿಕದ ಆಮ್‌ಹರ್ಸ್ಟ್‌ನಲ್ಲಿರುವ ಯಿಡ್ಡಿಷ್ ಬುಕ್ ಸೆಂಟರ್ ಸಾವಿರಾರು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಟ್ಟಿದೆ. ಅಚ್ಚಿನ ಅಕ್ಷರ ಕೆಲವೇ ವಾರಗಳಲ್ಲಿ ಬರುತ್ತದೆ. ಕೈಬರಹದ ಅಕ್ಷರಗಳ ರೂಪವೇ ಬೇರೆ, ಅದನ್ನು ಈಗಿಂದಲೇ ತಿದ್ದಿ. ಪಿಎಚ್‌ಡಿ ಸಂದರ್ಶನದಲ್ಲಿ ನನ್ನ ಮುಂದಿಟ್ಟದ್ದು ಕೈಬರಹದ ಒಂದು ಪೋಸ್ಟ್‌ಕಾರ್ಡ್. ಏಳು ಸಾಲಿತ್ತು, ನಾಲ್ಕು ಓದಿದೆ, ತೆಗೆದುಕೊಂಡರು.