ಅಳಿಸಿದರೂ ಹೋಗದ ಫೈಲು, ಒಂದಕ್ಕೆ ಮೂರಾದ ಫೋಟೊ

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಹಳೆಯ ಕಂಪ್ಯೂಟರ್, ವಿಂಡೋಸ್ 10 ಇದೆ. ‘ಸಿ’ ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದೆ. ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರ್ ಖಾಲಿ ಮಾಡೋಣ ಅಂತ ಹೋದರೆ ಎಷ್ಟೋ ಫೈಲುಗಳು ಅಳಿಯುವುದೇ ಇಲ್ಲ. ಫೈಲು ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ ಎಂಬ ಸಂದೇಶ ಬರುತ್ತದೆ. ನಾನಂತೂ ಏನನ್ನೂ ತೆರೆದಿಲ್ಲ! ಇಂಥವನ್ನು ಬಲವಂತವಾಗಿ ಅಳಿಸುವ ಸಾಫ್ಟ್‌ವೇರ್ ಯಾವುದಾದರೂ ಇದೆಯೇ?

ಉತ್ತರ: ಬೇಕಾದಷ್ಟು ಇವೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ತಡೆಯಿರಿ.

ನೀವು ತೆರೆದಿಲ್ಲ, ನಿಜ. ತೆರೆದಿರುವುದು ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ಪ್ರೋಗ್ರಾಂ. ಬ್ರೌಸರ್ ಇರಬಹುದು, ಆಂಟಿವೈರಸ್ ಇರಬಹುದು, ಪ್ರಿಂಟರ್ ಜೊತೆ ಬಂದ ಯಾವುದೋ ಅಪ್‌ಡೇಟರ್ ಇರಬಹುದು. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಫೈಲನ್ನು ಹಿಡಿದುಕೊಂಡಿದ್ದರೆ, ಅದು ಕೈಬಿಡುವ ತನಕ ಸಾಮಾನ್ಯವಾಗಿ ಬೇರೆಯವರು ಅಳಿಸುವ ಹಾಗಿಲ್ಲ. ಲಿನಕ್ಸ್‌ನಲ್ಲಿ ಹೀಗಲ್ಲ. ಅಲ್ಲಿ ತೆರೆದಿರುವ ಫೈಲನ್ನೂ ಅಳಿಸಬಹುದು, ಹಿಡಿದವರು ಬಿಟ್ಟ ಮೇಲೆ ಜಾಗ ಖಾಲಿಯಾಗುತ್ತದೆ. ಹಾಗಾಗಿ ಹಟ ಮಾಡುವ ಫೈಲನ್ನು ಕಂಡಾಗ ‘ಹೇಗೆ ಅಳಿಸಲಿ’ ಅನ್ನುವುದಕ್ಕಿಂತ ‘ಯಾರು ಹಿಡಿದಿದ್ದಾರೆ’ ಅಂತ ಕೇಳುವುದು ಒಳ್ಳೆಯದು.

ಮೊದಲು ರೀಸ್ಟಾರ್ಟ್ ಮಾಡಿ. ‘ಅದು ಗೊತ್ತು, ದಿನಾ ಆಫ್ ಮಾಡ್ತೀನಲ್ಲ’ ಅನ್ನಬೇಡಿ. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬ ವ್ಯವಸ್ಥೆ ಬಂದಿದೆ. ಅದು ಆನ್ ಇದ್ದರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಇನ್ನೊಂದು ಮಾತು. ಈಗಷ್ಟೇ ಏನಾದರೂ ಇನ್‌ಸ್ಟಾಲ್ ಮಾಡಿದ್ದರೆ ರೀಸ್ಟಾರ್ಟ್ ಆಗುವ ತನಕ ಟೆಂಪ್ ಮುಟ್ಟಬೇಡಿ. ಕೆಲವು ಇನ್‌ಸ್ಟಾಲರ್‌ಗಳು ಉಳಿದ ಕೆಲಸದ ಫೈಲುಗಳನ್ನು ಅಲ್ಲೇ ಇಟ್ಟು, ರೀಸ್ಟಾರ್ಟ್‌ಗೆ ಕಾಯುತ್ತಿರುತ್ತವೆ.

ಮತ್ತೆ ಆನ್ ಆದ ತಕ್ಷಣ, ಬೇರೇನೂ ತೆರೆಯದೆ, ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ. ಬಂದ ಪೆಟ್ಟಿಗೆಯಲ್ಲಿ ‘ಟೆಂಪ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹಿಂದೆ ಮುಂದೆ ಒಂದೊಂದು ಶೇಕಡಾ ಚಿಹ್ನೆ ಇರಲಿ, ಮಧ್ಯೆ ಜಾಗ ಬೇಡ. ತೆರೆದ ಫೋಲ್ಡರಿನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಳಿಸಿ. ಯಾವುದಾದರೂ ಒಲ್ಲೆ ಅಂದರೆ ‘ಎಲ್ಲಕ್ಕೂ ಹೀಗೇ ಮಾಡು’ ಎಂಬ ಅರ್ಥದ ಚೌಕಕ್ಕೆ ಟಿಕ್ ಹಾಕಿ ‘ಸ್ಕಿಪ್’ ಒತ್ತಿ. ಕೊನೆಗೆ ರೀಸೈಕಲ್ ಬಿನ್ ಖಾಲಿ ಮಾಡಿ. ಬಿನ್‌ನಲ್ಲಿ ಇರುವ ತನಕ ಒಂದು ಬೈಟ್ ಜಾಗವೂ ಸಿಗುವುದಿಲ್ಲ. ಈ ಕೊನೆಯ ಹೆಜ್ಜೆ ಮರೆತು ‘ಅಳಿಸಿದರೂ ಜಾಗ ಆಗಲಿಲ್ಲ’ ಅಂತ ಬರೆಯುವವರೇ ಜಾಸ್ತಿ.

ಆಮೇಲೂ ದೊಡ್ಡದೊಂದು ಫೈಲು ಉಳಿದಿದ್ದರೆ ಹಿಡಿದವರನ್ನು ಪತ್ತೆ ಮಾಡಿ. ಅದಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಸ್ಟಾರ್ಟ್ ಮೆನುವಿನಲ್ಲಿ ‘ರಿಸೋರ್ಸ್ ಮಾನಿಟರ್’ ಹುಡುಕಿ ತೆರೆಯಿರಿ. ‘ಸಿಪಿಯು’ ಟ್ಯಾಬಿನಲ್ಲಿ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಎಂಬ ಭಾಗವಿದೆ. ಅಲ್ಲಿನ ಹುಡುಕುವ ಜಾಗದಲ್ಲಿ ಫೈಲಿನ ಹೆಸರು ಹಾಕಿದರೆ ಯಾವ ಪ್ರೋಗ್ರಾಂ ಹಿಡಿದಿದೆ ಎಂದು ತೋರಿಸುತ್ತದೆ. ಅದನ್ನು ಮುಚ್ಚಿ, ಫೈಲು ಅಳಿಸಿ. ಎಷ್ಟೋ ಸಲ ಅಲ್ಲಿ ಕಾಣುವ ಹೆಸರು ‘ಎಕ್ಸ್‌ಪ್ಲೋರರ್’. ಅಂದರೆ ನೀವು ಫೋಲ್ಡರ್ ನೋಡಲು ಬಳಸುತ್ತಿರುವ ಕಿಟಕಿಯೇ ಕಳ್ಳ! ವಿಡಿಯೊ ಅಥವಾ ಫೋಟೊದ ಪುಟ್ಟ ಚಿತ್ರ ತೋರಿಸಲು ಅದು ಫೈಲನ್ನು ತೆರೆದಿರುತ್ತದೆ. ಪ್ರಿವ್ಯೂ ಭಾಗ ಮುಚ್ಚಿ, ಐಕಾನ್‌ಗಳ ಬದಲು ‘ಲಿಸ್ಟ್’ ನೋಟಕ್ಕೆ ಬದಲಿಸಿದರೆ ಹೆಚ್ಚಾಗಿ ಬಿಟ್ಟುಕೊಡುತ್ತದೆ.

ಇದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್. ವಿಂಡೋಸ್ 10ರಲ್ಲಿ ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟ್‌ಅಪ್ ಸೆಟಿಂಗ್ಸ್’ ದಾಟಿ, ಮತ್ತೆ ರೀಸ್ಟಾರ್ಟ್ ಆದಾಗ 4 ಒತ್ತಿ. ವಿಂಡೋಸ್ 7 ಇರುವವರು ಆನ್ ಮಾಡುವಾಗ ಎಫ್8 ಒತ್ತುತ್ತಾ ಇದ್ದರೆ ಸಾಕು. ಸೇಫ್ ಮೋಡ್‌ನಲ್ಲಿ ತೀರಾ ಬೇಕಾದ ಪ್ರೋಗ್ರಾಂಗಳಷ್ಟೇ ಓಡುವುದರಿಂದ ಫೈಲು ಹಿಡಿಯುವವರು ಕಡಿಮೆ.

ಇಷ್ಟಾದ ಮೇಲೂ ನಾಲ್ಕಾರು ಫೈಲು ಉಳಿಯುತ್ತವೆ. ಅವುಗಳ ಗಾತ್ರ ನೋಡಿ. ಕೆಲವೇ ಕೆಬಿ ಇದ್ದರೆ ಅವನ್ನು ಅವುಗಳ ಪಾಡಿಗೆ ಬಿಡಿ. ಎರಡು ಕೆಬಿ ಫೈಲಿಗಾಗಿ ಇಡೀ ಭಾನುವಾರ ಕಳೆದವನು ನಾನೂ ಹೌದು.

ಪ್ರಶ್ನೆ: ಹಳೆಯ ಬ್ಯಾಕಪ್ ಫೋಲ್ಡರ್ ಅಳಿಸಲು ಹೋದರೆ ಹೆಸರು ತುಂಬಾ ಉದ್ದ ಎನ್ನುತ್ತದೆ. ಇನ್ನೊಂದು ಫೋಲ್ಡರ್ ‘ಅನುಮತಿ ಇಲ್ಲ’ ಎನ್ನುತ್ತದೆ. ಮನೆಯ ಕಂಪ್ಯೂಟರಿಗೆ ನಾನೇ ಅಡ್ಮಿನ್! ಏನು ಮಾಡಲಿ?

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ.

ಮೊದಲನೆಯದು ಸುಲಭ. ಡ್ರೈವಿನ ಅಕ್ಷರದಿಂದ ಹಿಡಿದು ಫೈಲಿನ ಹೆಸರಿನ ತನಕ ಒಟ್ಟು ವಿಳಾಸಕ್ಕೆ ವಿಂಡೋಸ್‌ನಲ್ಲಿ ಹಿಂದಿನಿಂದಲೂ 260 ಅಕ್ಷರಗಳ ಮಿತಿ ಇದೆ. ಬ್ಯಾಕಪ್ಪಿನೊಳಗೆ ಬ್ಯಾಕಪ್, ಅದರೊಳಗೆ ‘ಹೊಸ ಫೋಲ್ಡರ್’, ಅದರೊಳಗೆ ಇನ್ನೊಂದು ಅಂತ ಕಾಪಿ ಮಾಡುತ್ತಾ ಹೋದಾಗ ಮಿತಿ ದಾಟುತ್ತದೆ. ಹೊರಗಿನ ಫೋಲ್ಡರಿನಿಂದ ಶುರು ಮಾಡಿ ಒಂದೊಂದಕ್ಕೂ ‘ಎ’, ‘ಬಿ’ ಅಂತ ಒಂದೇ ಅಕ್ಷರದ ಹೆಸರು ಕೊಡುತ್ತಾ ಒಳಗೆ ಹೋಗಿ. ವಿಳಾಸ ಚಿಕ್ಕದಾದ ಕೂಡಲೇ ಫೋಲ್ಡರ್ ತಕರಾರಿಲ್ಲದೆ ಹೋಗುತ್ತದೆ.

ಎರಡನೆಯದು ಹೆಚ್ಚಾಗಿ ಹಳೆಯ ವಿಂಡೋಸ್‌ನಲ್ಲಿ ಇದ್ದ ಅಕೌಂಟಿನ ಫೋಲ್ಡರ್. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ನಿಮ್ಮ ಹೆಸರು ಅದೇ ಇರಬಹುದು, ಆದರೆ ಕಂಪ್ಯೂಟರ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಒಳಗಿನ ಒಂದು ಉದ್ದನೆಯ ಸಂಖ್ಯೆಯಿಂದ. ಆ ಸಂಖ್ಯೆ ಬದಲಾಗಿದೆ. ಹಾಗಾಗಿ ಫೋಲ್ಡರಿನ ಮಟ್ಟಿಗೆ ನೀವು ಹೊಸಬರು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’ ಅಂತ ಹೋಗಿ, ‘ಓನರ್’ ಮುಂದೆ ‘ಚೇಂಜ್’ ಒತ್ತಿ ನಿಮ್ಮ ಅಕೌಂಟ್ ಕೊಡಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವ ಚೌಕಕ್ಕೆ ಟಿಕ್ ಹಾಕಿ. ಇದನ್ನು ನಿಮ್ಮ ಹಳೆಯ ಫೋಲ್ಡರ್‌ಗಳಿಗೆ ಮಾತ್ರ ಮಾಡಿ. ‘ವಿಂಡೋಸ್’ ಮತ್ತು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್‌ಗಳ ಒಡೆತನ ಬದಲಿಸಲು ಹೋಗಬೇಡಿ.

ಒಂದು ಎಚ್ಚರಿಕೆ. ಫೈಲು ಮುಟ್ಟಿದ ಕೂಡಲೇ ಕಂಪ್ಯೂಟರ್ ನಿಂತುಬಿಟ್ಟರೆ, ಅಥವಾ ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ, ಅಳಿಸುವ ಮಾತು ಬಿಡಿ. ಡಿಸ್ಕ್ ಸಾಯುತ್ತಿರಬಹುದು. ಮೊದಲು ಫೋಟೊ, ಕಾಗದಪತ್ರಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಪರೀಕ್ಷೆಯೂ ಆಮೇಲೆಯೇ.

ಪ್ರಶ್ನೆ: ಒಂದೇ ಫೋಟೊದ ಮೂರು ನಾಲ್ಕು ಪ್ರತಿಗಳಿವೆ. ಡೂಪ್ಲಿಕೇಟ್ ಹುಡುಕುವ ಸಾಫ್ಟ್‌ವೇರ್ ಹಾಕಿ ಇಡೀ ಕಂಪ್ಯೂಟರ್ ಹುಡುಕಿಸಿದೆ. 41 ಸಾವಿರ ಡೂಪ್ಲಿಕೇಟ್ ಇವೆ ಎಂದಿತು! ಎಲ್ಲ ಸೆಲೆಕ್ಟ್ ಮಾಡಿ ಅಳಿಸಬಹುದೇ?

ಉತ್ತರ: ಬೇಡವೇ ಬೇಡ. ಆ 41 ಸಾವಿರದಲ್ಲಿ ನಿಮ್ಮ ಫೋಟೊಗಳು ಎಷ್ಟಿವೆಯೋ, ಬೇರೆ ಬೇರೆ ಪ್ರೋಗ್ರಾಂಗಳು ತಮ್ಮ ಜೊತೆ ತಂದುಕೊಂಡ ಫೈಲುಗಳೂ ಬೇಕಾದಷ್ಟಿವೆ. ಎರಡು ಪ್ರೋಗ್ರಾಂಗಳ ಫೋಲ್ಡರಿನಲ್ಲಿ ಒಂದೇ ಥರದ ‘ಡಿಎಲ್ಎಲ್’ ಫೈಲು ಇದ್ದರೆ ಎರಡಕ್ಕೂ ಅದು ಬೇಕು. ಒಂದನ್ನು ಕಿತ್ತರೆ ಒಂದು ಪ್ರೋಗ್ರಾಂ ಕುಂಟುತ್ತದೆ. ಆದ್ದರಿಂದ ಇಡೀ ಕಂಪ್ಯೂಟರ್ ಹುಡುಕಿಸುವುದು ಬಿಟ್ಟು, ನಿಮ್ಮ ಫೋಟೊ, ವಿಡಿಯೊ, ಹಾಡು, ಡೌನ್‌ಲೋಡ್ ಫೋಲ್ಡರ್‌ಗಳನ್ನು ಮಾತ್ರ ಆರಿಸಿ ಮತ್ತೆ ಹುಡುಕಿಸಿ.

ಈ ಸಾಫ್ಟ್‌ವೇರ್‌ಗಳು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ. ಮೊದಲು ಒಂದೇ ಗಾತ್ರದ ಫೈಲುಗಳನ್ನು ಗುಂಪು ಮಾಡುತ್ತವೆ. ಗಾತ್ರವೇ ಬೇರೆಯಾದರೆ ತದ್ರೂಪ ಆಗಲು ಸಾಧ್ಯವಿಲ್ಲ, ಅಲ್ವಾ? ಆಮೇಲೆ ಒಳಗಿರುವುದನ್ನು ಓದಿ ಪ್ರತಿ ಫೈಲಿಗೂ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆಯುತ್ತವೆ. ಅದನ್ನು ‘ಹ್ಯಾಶ್’ ಅನ್ನುತ್ತಾರೆ. ಹ್ಯಾಶ್ ಒಂದೇ ಆಗಿದ್ದರೆ, ಹೆಸರು ಬೇರೆ ಇದ್ದರೂ ಒಳಗಿರುವುದು ಒಂದೇ ಎಂದು ನಂಬಬಹುದು. ಹೆಸರು ಮಾತ್ರ ನೋಡಿ ನಿರ್ಧರಿಸುವುದು ಅಪಾಯ. ಕ್ಯಾಮೆರಾಗಳು ಎಣಿಕೆ ಮುಗಿದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತವೆ. ಒಂದೇ ಸಂಖ್ಯೆಯ ಎರಡು ಫೋಟೊಗಳಲ್ಲಿ ಒಂದು ಮದುವೆಯದು, ಇನ್ನೊಂದು ಪ್ರವಾಸದ್ದು ಇರಬಹುದು.

‘ಹೋಲುವ ಚಿತ್ರ ಹುಡುಕು’ ಎಂಬ ಆಯ್ಕೆ ಬಳಸುವಾಗ ಇನ್ನೂ ಜೋಪಾನವಾಗಿರಬೇಕು. ಒಂದೇ ಭಂಗಿಯಲ್ಲಿ ತೆಗೆದ ಐದು ಫೋಟೊ ಅದಕ್ಕೆ ಒಂದೇ. ನಿಮಗೆ ಕಣ್ಣು ಮುಚ್ಚದೇ ಇರುವ ಆ ಒಂದು ಬೇಕು! ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಮತ್ತು ಕ್ಯಾಮೆರಾದ ಮೂಲ ಫೋಟೊ ಕೂಡ ಇಲ್ಲಿ ಜೋಡಿಯಾಗಿ ಕಾಣುತ್ತವೆ. ಸಾಮಾನ್ಯವಾಗಿ ಕಳಿಸಿದ ಫೋಟೊವನ್ನು ವಾಟ್ಸ್ಆ್ಯಪ್ ಕುಗ್ಗಿಸಿರುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅದರಲ್ಲಿ ಉಳಿದಿರುವುದಿಲ್ಲ. ಇಂಥ ಜೋಡಿಯಲ್ಲಿ ದೊಡ್ಡ ಗಾತ್ರದ್ದನ್ನು ಇಟ್ಟುಕೊಳ್ಳಿ.

ನಾನು ಬಳಸುವುದು ‘ಡೂಪ್‌ಗುರು’. ಉಚಿತ, ಓಪನ್ ಸೋರ್ಸ್. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಫೋಲ್ಡರನ್ನು ‘ರೆಫರೆನ್ಸ್’ ಎಂದು ಗುರುತು ಮಾಡುವ ಸೌಲಭ್ಯ. ಹಾಗೆ ಮಾಡಿದ ಫೋಲ್ಡರಿನ ಫೈಲುಗಳನ್ನು ಅಳಿಸಲು ಅದು ಬಿಡುವುದೇ ಇಲ್ಲ. ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ವರ್ಷಗಳ ಹಿಂದೆ ‘ಹೊಸದು’ ಮತ್ತು ‘ಹೊಸದು 2’ ಎಂಬ ನನ್ನ ಎರಡು ಫೋಲ್ಡರ್‌ಗಳನ್ನು ಬೇರೊಂದು ಸಾಫ್ಟ್‌ವೇರ್‌ಗೆ ಒಪ್ಪಿಸಿ, ‘ತಾನೇ ಆರಿಸಲಿ’ ಅಂತ ಬಿಟ್ಟೆ. ಅದು ತಪ್ಪೇನೂ ಮಾಡಲಿಲ್ಲ. ಪ್ರತಿ ಜೋಡಿಯಲ್ಲೂ ಒಂದನ್ನು ಉಳಿಸಿತ್ತು. ಆದರೆ ಉಳಿದದ್ದರಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದೇ ಸಮಾರಂಭದ ಫೋಟೊಗಳು ಎರಡು ಕಡೆ ಚದುರಿಹೋದವು. ಜೋಡಿಸಲು ಎರಡು ವಾರ ಬೇಕಾಯ್ತು. ಅದಕ್ಕೇ ಹೇಳುವುದು, ಮೊದಲು ‘ಇದು ನನ್ನ ಮೂಲ’ ಅಂತ ಒಂದು ಫೋಲ್ಡರ್ ನಿರ್ಧರಿಸಿ. ಉಳಿದ ಕಡೆಗಳಿಂದ ಮಾತ್ರ ಅಳಿಸಿ.

ನೇರ ಅಳಿಸುವ ಬದಲು ಡೂಪ್ಲಿಕೇಟ್‌ಗಳನ್ನು ಬೇರೊಂದು ಫೋಲ್ಡರಿಗೆ ಸಾಗಿಸಿ, ಒಂದು ತಿಂಗಳು ಇಟ್ಟುಕೊಳ್ಳಿ. ಏನೂ ಕೊರತೆ ಕಾಣದಿದ್ದರೆ ಆಮೇಲೆ ಅಳಿಸಿ. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇರುವ ಪ್ರತಿಯು ಡೂಪ್ಲಿಕೇಟ್ ಅಲ್ಲ, ಅದು ಬ್ಯಾಕಪ್. ಹುಡುಕಿಸುವಾಗ ಆ ಡಿಸ್ಕ್ ಕಿತ್ತಿಡಿ.

ಪ್ರಶ್ನೆ: ಅಳಿಸಿದ ಫೈಲು ಮಾರನೇ ದಿನ ಮತ್ತೆ ಹಾಜರ್. ವೈರಸ್ಸೇ?

ಉತ್ತರ: ಹೆಚ್ಚಾಗಿ ಅಲ್ಲ. ಆ ಫೋಲ್ಡರ್ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಜೊತೆ ಜೋಡಣೆಯಾಗಿದೆಯೇ ನೋಡಿ. ಈ ಜೋಡಣೆ, ಅಂದರೆ ಸಿಂಕ್, ಸರಿಯಾಗಿ ನಡೆಯದಿದ್ದಾಗ ಇನ್ನೊಂದು ಸಾಧನದಲ್ಲಿರುವ ಪ್ರತಿ ಮತ್ತೆ ಇಳಿದು ಬರುತ್ತದೆ. ಇದರ ಉಲ್ಟಾ ಕೂಡ ನೆನಪಿರಲಿ. ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ ಒನ್‌ಡ್ರೈವ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸಿ.

ಪ್ರಶ್ನೆ: ‘ಪೇಜ್‌ಫೈಲ್’, ‘ಹೈಬರ್‌ಫಿಲ್’ ಎಂಬ ದೊಡ್ಡ ಫೈಲುಗಳು, ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಫೋಲ್ಡರ್ ಬಹಳ ಜಾಗ ತಿಂದಿವೆ. ಏನು ಮಾಡಿದರೂ ಅಳಿಯುತ್ತಿಲ್ಲ.

ಉತ್ತರ: ಅಳಿಯದೇ ಇರುವುದು ನಿಮ್ಮ ಪುಣ್ಯ. ಪೇಜ್‌ಫೈಲ್ ರ್‍ಯಾಮ್ ಸಾಲದಾದಾಗ ಬಳಸುವ ಜಾಗ. ಹಳೆಯ ಕಂಪ್ಯೂಟರಿನಲ್ಲಿ ರ್‍ಯಾಮ್ ಕಡಿಮೆ, ಹಾಗಾಗಿ ಅದರ ತಂಟೆಗೆ ಹೋಗಬೇಡಿ.

ಹೈಬರ್‌ಫಿಲ್ ಮಾತ್ರ ಬೇಡವೆಂದರೆ ತೆಗೆಯಬಹುದು. ಹೈಬರ್ನೇಟ್ (ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುವುದು) ಬಳಸದವರು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು, ‘ಪವರ್‌ಸಿಎಫ್‌ಜಿ’, ಜಾಗ ಬಿಟ್ಟು ಓರೆಗೆರೆ ಮತ್ತು ‘ಎಚ್’, ಮತ್ತೆ ಜಾಗ ಬಿಟ್ಟು ‘ಆಫ್’ (powercfg /h off) ಎಂದು ಇಂಗ್ಲಿಷ್‌ನಲ್ಲಿ ಬರೆದು ಎಂಟರ್ ಒತ್ತಿ. ಫೈಲು ತಾನಾಗಿ ಮಾಯವಾಗುತ್ತದೆ. ಜೊತೆಗೆ ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ನಿಲ್ಲುತ್ತದೆ, ಆನ್ ಆಗುವುದು ತುಸು ನಿಧಾನವಾಗಬಹುದು.

ವಿನ್‌ಎಸ್‌ಎಕ್ಸ್‌ಎಸ್ ಕಾಣುವಷ್ಟು ದೊಡ್ಡದಲ್ಲ. ಅಲ್ಲಿನ ಎಷ್ಟೋ ಫೈಲುಗಳು ವಿಂಡೋಸ್‌ನ ಬೇರೆ ಫೋಲ್ಡರಿನಲ್ಲೂ ಕಾಣುವ ಅವೇ ಫೈಲುಗಳು. ಡಿಸ್ಕ್‌ನಲ್ಲಿ ಇರುವುದು ಒಂದೇ, ಹೆಸರು ಎರಡು. ಎಕ್ಸ್‌ಪ್ಲೋರರ್ ಎರಡು ಸಲ ಲೆಕ್ಕ ಹಾಕುತ್ತದೆ. ಒಂದು ಹೆಸರನ್ನು ಅಳಿಸಿದರೆ ಜಾಗವೂ ಸಿಗದು, ವಿಂಡೋಸೂ ಕೆಡಬಹುದು. ಹಳೆಯ ಅಪ್‌ಡೇಟ್‌ಗಳ ಕಸ ತೆಗೆಯಲು ‘ಡಿಸ್ಕ್ ಕ್ಲೀನಪ್’ ತೆರೆದು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿ. ಅಲ್ಲಿ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಮತ್ತು ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ಕಂಡರೆ ಟಿಕ್ ಹಾಕಿ. ಎರಡನೆಯದನ್ನು ಅಳಿಸಿದರೆ ಹಳೆಯ ವಿಂಡೋಸ್‌ಗೆ ಮರಳಲು ಆಗದು. ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಇದ್ದರೆ ಟಿಕ್ ತೆಗೆಯಿರಿ. ಎಷ್ಟೋ ಜನರ ಮುಖ್ಯ ಕಾಗದಪತ್ರ ಇರುವುದೇ ಅಲ್ಲಿ.

ಪ್ರಶ್ನೆ: ಎಲ್ಲ ಅಳಿಸಿ 14 ಜಿಬಿ ಜಾಗ ಮಾಡಿದೆ. ಕಂಪ್ಯೂಟರ್ ಮಾತ್ರ ಮೊದಲಿನಷ್ಟೇ ನಿಧಾನ. ಎಲ್ಲಿ ತಪ್ಪಿದೆ?

ಉತ್ತರ: ನೀವು ತಪ್ಪಿಲ್ಲ, ನಿಮಗೆ ಸಲಹೆ ಕೊಟ್ಟವರು ತಪ್ಪಿದ್ದಾರೆ. ಡ್ರೈವ್ ತುಂಬಿ ತುಳುಕುತ್ತಿದ್ದರೆ ಜಾಗ ಮಾಡಿದಾಗ ವ್ಯತ್ಯಾಸ ಕಾಣುತ್ತದೆ. ಇಲ್ಲದಿದ್ದರೆ ಸುಮ್ನೆ ಕೂತಿರುವ ಫೈಲು ಯಾವ ಕೆಲಸವನ್ನೂ ತಡೆಯುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆಯಿರಿ, ‘ಸ್ಟಾರ್ಟ್‌ಅಪ್’ ಟ್ಯಾಬಿನಲ್ಲಿ ಬೇಡದವನ್ನು ನಿಲ್ಲಿಸಿ. ‘ಪರ್ಫಾರ್ಮೆನ್ಸ್’ ಟ್ಯಾಬಿನಲ್ಲಿ ಡಿಸ್ಕ್ ಸದಾ 100% ತೋರಿಸುತ್ತಿದ್ದರೆ, ಅದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಇಂಥ ಯಂತ್ರಕ್ಕೆ ಅದರಷ್ಟು ಹುರುಪು ಕೊಡುವುದು ಬೇರೊಂದಿಲ್ಲ. ಖರ್ಚು ಮಾಡುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಿಡಿಸದಿದ್ದರೆ ಅದೇ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕಿ ನೋಡಬಹುದು.