ಕಾಫಿ ಹೊಟ್ಟಿನ ಇದ್ದಿಲಿನಿಂದ ಒತ್ತಡ ಸಂವೇದಕ: ಪ್ರತಿಕ್ರಿಯೆ

ಕುಶಾಲನಗರದಿಂದ ತಂದ ಕಾಫಿ ಹೊಟ್ಟನ್ನು ಡಬ್ಬಿಯಲ್ಲಿ ಮುಚ್ಚಿ ಸೌದೆ ಒಲೆಯಲ್ಲಿ ಇದ್ದಿಲಾಗಿಸಿದ್ದೀರಿ, ವಿದ್ಯುತ್ ಅಳೆಯುವ ಮಲ್ಟಿಮೀಟರ್ ಏನನ್ನೂ ತೋರಿಸುತ್ತಿಲ್ಲ, ಇದರಿಂದ ಮಣಿಕಟ್ಟಿಗೆ ಕಟ್ಟುವ ಒತ್ತಡ ಸಂವೇದಕ (ಒತ್ತುವಿಕೆಯನ್ನು ಅಳೆಯುವ ಸಾಧನ) ಆಗುವುದೇ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ಒಲೆಯ ಶಾಖ ಸಾಲದು. 400–500 ಡಿಗ್ರಿಯಲ್ಲಿ ಆದ ಇದ್ದಿಲಿನಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಇಂಗಾಲ ಗ್ರ್ಯಾಫೈಟಿನಂಥ ಪುಟ್ಟ ಹಾಳೆಗಳಾಗಿ ಜೋಡಿಸಿಕೊಂಡು, ಅವು ಒಂದಕ್ಕೊಂದು ತಾಗಬೇಕಾದರೆ ನೈಟ್ರೋಜನ್ ಹರಿಯುವ ಕುಲುಮೆಯಲ್ಲಿ 800–1000 ಡಿಗ್ರಿ ಸೆಲ್ಸಿಯಸ್ ಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸಿ. ಮುಚ್ಚಿದ ಅಡುಗೆಮನೆಯಲ್ಲಿ ಈ ಸಾಹಸ ಬೇಡ, ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ.

ಹೊಟ್ಟಿನ ಮೇಲೆ ನನಗೆ ಅಷ್ಟೇನೂ ಒಲವಿಲ್ಲ. ಪೊಟ್ಯಾಸಿಯಂ ಹೆಚ್ಚಿರುವುದರಿಂದ ಬೂದಿಯನ್ನು ತೊಳೆದು ತೆಗೆಯಬೇಕು, ಅಷ್ಟಾದರೂ ಸಿಗುವುದು ಪುಡಿ. ಅದನ್ನು ಸಿಲಿಕೋನ್ ರಬ್ಬರಿಗೆ ಕಡಿಮೆ ಬೆರೆಸಿದರೆ ವಿದ್ಯುತ್ ಹರಿಯದು, ಹೆಚ್ಚಾದರೆ ರಬ್ಬರ್ ಪೆಡಸಾಗುತ್ತದೆ. ಮೊದಲು ಅಪ್ಪಟ ಹತ್ತಿ ಬಟ್ಟೆಯ ತುಂಡೊಂದನ್ನು ಕುಲುಮೆಗೆ ಹಾಕಿಸಿ ನೋಡಿ. ಕುಗ್ಗುತ್ತದೆ, ಆದರೆ ನೇಯ್ಗೆ ಉಳಿಯುತ್ತದೆ. ಒತ್ತಿದಾಗ ಇಂಗಾಲದ ಎಳೆಗಳು ಹೆಚ್ಚು ಕಡೆ ತಾಗಿ ರೋಧ (ವಿದ್ಯುತ್ ಹರಿವಿಗೆ ಇರುವ ತಡೆ) ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ಇಂಥ ಸಂವೇದಕ ನಾಡಿಮಿಡಿತ ಹಿಡಿಯುವುದೂ ಇದೇ ಉಪಾಯದಿಂದ.

ಎಳೆಗಳು ಮುಟ್ಟಿದರೆ ಮುರಿಯುವಂಥವು. ಹಾಗಾಗಿ ತೆಳುವಾದ ಎರಡು ಸಿಲಿಕೋನ್ ಪದರಗಳ ನಡುವೆ ಇಡಿ. ರಂಧ್ರಮಯ ಇಂಗಾಲ ತೇವವನ್ನೂ ಹೀರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಮಡಿಕೇರಿಯಲ್ಲಿ ಉಟ್ಟ ಬಟ್ಟೆಯೇ ಒಣಗದು, ಇನ್ನು ಹೊದಿಕೆಯಿಲ್ಲದ ಇಂಗಾಲದ ಅಳತೆಯನ್ನು ನಂಬುವುದೆಂತು! ಇಂಗಾಲಕ್ಕೆ ಬೆಸುಗೆ ಹಿಡಿಯುವುದಿಲ್ಲ, ತಂತಿ ಜೋಡಿಸಲು ವಿದ್ಯುತ್ ಹರಿಸುವ ಬೆಳ್ಳಿ ಅಂಟು ಬಳಸಿ. ಆಮೇಲೆ ಗೊತ್ತಿರುವ ತೂಕಗಳನ್ನು ಒಂದೊಂದಾಗಿ ಇಟ್ಟು, ಏರಿಸುವಾಗಲೂ ಇಳಿಸುವಾಗಲೂ ರೋಧವನ್ನು ಬರೆದುಕೊಳ್ಳಿ. ಎರಡೂ ಸಾಲುಗಳು ಒಂದೇ ಆಗಿರುವುದಿಲ್ಲ. ಆ ಅಂಕಿಗಳನ್ನು ಇಲ್ಲಿ ಹಾಕಿದರೆ ಮುಂದಿನದನ್ನು ನೋಡೋಣ.