ಗಾಡಿ ನಿಂತ ದಿನದ ಕೂಲಿ ಯಾರು ಕೊಡಬೇಕು?

ಪ್ರಶ್ನೆ: ನಮ್ಮ ಮನೆಯವರು ಹನ್ನೆರಡು ಚಕ್ರದ ಲಾರಿ ಓಡಿಸುತ್ತಾರೆ. ಗಂಗಾವತಿ ಮಿಲ್‌ಗಳಿಂದ ಅಕ್ಕಿ ತುಂಬಿಕೊಂಡು ಮುಂಬೈ ಹತ್ತಿರದ ವಾಶಿಗೆ ಹೋಗುತ್ತಾರೆ. ತಿಂಗಳಿಗೆ 12,000 ರೂಪಾಯಿ ಸಂಬಳ, ಒಂದು ಟ್ರಿಪ್ಪಿಗೆ 3,000 ಬತ್ತಾ. ಹೋದ ತಿಂಗಳು ಮೂರು ಟ್ರಿಪ್ ಆದವು, 26 ದಿನ ಮನೆಯಲ್ಲಿರಲಿಲ್ಲ. ಅದರ ಮೇಲೆ ಎರಡು ಚೀಲ ಅಕ್ಕಿ ಕಡಿಮೆ ಬಂತೆಂದು 2,600 ರೂಪಾಯಿ ಹಿಡಿದುಕೊಂಡರು. ಕೇಳಿದರೆ, "21 ಸಾವಿರ ಕೊಡ್ತಿದೀನಲ್ಲ, ಇನ್ನೇನು ಬೇಕು?" ಎನ್ನುತ್ತಾರೆ ಮಾಲೀಕರು. ಇದು ನ್ಯಾಯವೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಇಲ್ಲ ತಂಗಿ, ನ್ಯಾಯ ಅಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಆ 21 ಸಾವಿರದ ಮಾತು. ಬತ್ತಾ ಅಂದರೆ ಸಂಬಳ ಅಲ್ಲ. ದಾರಿಯಲ್ಲಿ ಊಟ, ಚಹಾ, ಸ್ನಾನಕ್ಕೆ ಆಗುವ ಖರ್ಚು ಅದು. ಕೆಲಸದ ಸಲುವಾಗಿಯೇ ಬರುವ ಖರ್ಚಿಗೆ ಕೊಟ್ಟ ಹಣವನ್ನು ವೇತನದಲ್ಲಿ ಸೇರಿಸಬಾರದು ಅಂತ 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು. ದಿನಕ್ಕೆ 300 ರೂಪಾಯಿ ಅಂತ ಹಿಡಿದರೂ 26 ದಿನಕ್ಕೆ 7,800 ಆಯಿತು. ಉಳಿದದ್ದು 13,200. ಅಂದರೆ ದಿನಕ್ಕೆ ಸುಮಾರು 508 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 370 ಇತ್ತು. ಅಲ್ಲಿ ಕೆಲಸ ಮಾಡಿದವರು ಸಂಜೆ ಮನೆಗೆ ಬರುತ್ತಾರೆ, ಮಕ್ಕಳ ಜೊತೆ ಊಟ ಮಾಡುತ್ತಾರೆ. ನಿಮ್ಮವರು ರಾತ್ರಿಯೂ ಬೇರೆಯವರ ಮಾಲು ಕಾಯುತ್ತಾರೆ, ಅಲ್ವಾ?

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಗಂಗಾವತಿಯಿಂದ ವಾಶಿಗೆ ಸುಮಾರು 700 ಕಿಲೋಮೀಟರ್. ಮೂರು ಸಲ ಹೋಗಿ ಬಂದರೆ 4,200. ಗಂಟೆಗೆ 40ರಂತೆ ಹೋದರೂ 105 ಗಂಟೆಯ ಓಟ. ದಿನಕ್ಕೆ 10 ಗಂಟೆ ಓಡಿಸಿದರೆ ಹನ್ನೊಂದು ದಿನದೊಳಗೆ ಮುಗಿಯುತ್ತದೆ. ಉಳಿದ ಹದಿನೈದು ದಿನ ಎಲ್ಲಿ ಹೋದವು? ಮಿಲ್ ಮುಂದೆ ಲೋಡಿಗೆ, ಮಾರ್ಕೆಟ್ಟಿನಲ್ಲಿ ಅನ್‌ಲೋಡಿಗೆ, ಆಮೇಲೆ ರಿಟರ್ನ್ ಲೋಡಿಗೆ ಕಾಯುವುದರಲ್ಲಿ ಹೋದವು.

ಗಾಡಿ ನಿಂತಿದ್ದರೆ ಡ್ರೈವರ್ ಸುಮ್ನೆ ಮಲಗಿರುತ್ತಾನೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನೂ ಹಿಂದೆ ಲಾರಿ ಓಡಿಸಿದವನು. ಒಂದು ಕಾರ್ಖಾನೆಯ ಗೇಟಿನಲ್ಲಿ ಎರಡು ರಾತ್ರಿ ನಿಂತದ್ದು ಇವತ್ತಿಗೂ ನೆನಪಿದೆ. ಮುಕ್ಕಾಲು ಗಂಟೆಗೊಮ್ಮೆ ಸಾಲು ಒಂದು ಗಾಡಿಯಷ್ಟು ಮುಂದೆ ಸರಿಯುತ್ತಿತ್ತು. ಕಣ್ಣು ಮುಚ್ಚಿದರೆ ಹಿಂದಿನವನು ಹಾರ್ನ್ ಹಾಕುತ್ತಿದ್ದ. ಎದ್ದೇಳದಿದ್ದರೆ ನಂಬರ್ ಹೋಯಿತು. ಬಿಸಿಲಿಗೆ ಕಾದ ಕ್ಯಾಬಿನ್ನು, ನೀರಿಗೆ ಅರ್ಧ ಕಿಲೋಮೀಟರ್ ನಡಿಗೆ, ಗಾಡಿ ಬಿಟ್ಟು ಹೋದರೆ ಡೀಸೆಲ್ ಕದಿಯುತ್ತಾರೆಂಬ ಭಯ. ಅದು ವಿಶ್ರಾಂತಿ ಅಲ್ಲ. ಹಾಗೆ ಎರಡು ರಾತ್ರಿ ನಿದ್ದೆಗೆಟ್ಟವನು ಮೂರನೇ ರಾತ್ರಿ ಸ್ಟೇರಿಂಗ್ ಹಿಡಿಯುತ್ತಾನೆ.

ಹೊರಟ ಮೇಲೂ ಅವಸರ ತಪ್ಪುವುದಿಲ್ಲ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ಅಂದರೆ ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರ್‌ಗೆ ಒಂದು ದಿನ. ವಾಶಿಗೆ ನಾಲ್ಕು ದಿನ ಸಿಗುತ್ತದೆ. ಬಿಲ್ ಮಾಡಿಸಿದ ಮೇಲೆ ಮಿಲ್‌ನಲ್ಲೇ ಒಂದು ದಿನ ನಿಂತರೆ, ಆ ದಿನ ಅವನ ಓಟದಿಂದಲೇ ಕಳೆಯುತ್ತದೆ. ಹಿಂದೆ ನ್ಯಾಷನಲ್ ಪರ್ಮಿಟ್ (ಬೇರೆ ರಾಜ್ಯಗಳಲ್ಲೂ ಓಡುವ ಅನುಮತಿ) ಇರುವ ಲಾರಿಗೆ ಇಬ್ಬರು ಡ್ರೈವರ್ ಇರಬೇಕು ಅಂತ ನಿಯಮವಿತ್ತು. 2018ರಲ್ಲಿ ಅದನ್ನೂ ತೆಗೆದರು. ಈಗ ಒಬ್ಬನೇ ಎಲ್ಲವನ್ನೂ ನೋಡಿಕೊಳ್ಳಬೇಕು.

ಕಾನೂನು ಏನೂ ಇಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ, ದೂರದ ರೂಟಿಗೆ ಅನುಮತಿ ಪಡೆದರೆ ಹೆಚ್ಚೆಂದರೆ 10 ಗಂಟೆ, ವಾರಕ್ಕೆ 54 ಗಂಟೆ ಅಂತಿತ್ತು. ಜಾಸ್ತಿ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ. ಈಗ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ, ದುಪ್ಪಟ್ಟು ಕೂಲಿಯ ಮಾತು ಅಲ್ಲೂ ಇದೆ. ಆದರೆ ಹಳೇ ಕಾಯ್ದೆ ಐದು ಜನಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅನ್ವಯಿಸುತ್ತಿರಲಿಲ್ಲ. ನಮ್ಮ ಕಡೆ ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರೇ ಜಾಸ್ತಿ. ಹಾಗಾಗಿ ಡ್ರೈವರ್‌ಗಳಿಗೆ ಅದರ ಹೆಸರೂ ಗೊತ್ತಿಲ್ಲ.

ಮಾಲೀಕರ ಕಷ್ಟವೂ ನನಗೆ ಗೊತ್ತು. ಗಾಡಿಯ ಕಂತು ಪ್ರತಿ ತಿಂಗಳು ಬರುತ್ತದೆ. ಬಾಡಿಗೆ ಬಾಕಿ ಮಾತ್ರ, ಮಾಲು ಇಳಿಸಿಕೊಂಡವರು ಸಹಿ ಮಾಡಿದ ರಸೀದಿ ತಲುಪಿ ಎಷ್ಟೋ ದಿನವಾದರೂ ಬರುವುದಿಲ್ಲ. ನಡುವೆ ಬ್ರೋಕರ್ ಕಮಿಷನ್. ಆದರೆ ಆ ಕಷ್ಟವನ್ನೆಲ್ಲ ಡ್ರೈವರ್ ತಲೆಗೆ ಕಟ್ಟುವುದು ತಪ್ಪು. ಗಾಡಿ ನಿಲ್ಲಿಸಿಕೊಂಡವರು ಮಿಲ್ಲಿನವರು, ಇಲ್ಲವೇ ಮಾಲು ಇಳಿಸಿಕೊಳ್ಳುವ ಪಾರ್ಟಿ. ಗಾಡಿ ನಿಂತ ದಿನಗಳ ದುಡ್ಡು, ಅಂದರೆ ಹಾಲ್ಟಿಂಗ್ ಚಾರ್ಜ್, ಅವರಿಂದ ವಸೂಲಾಗಬೇಕು, ಅದರಲ್ಲಿ ಡ್ರೈವರ್ ಪಾಲು ಅವನ ಕೈಗೆ ಬರಬೇಕು.

ನಾನಾದರೆ ಮಾಲೀಕರ ಹತ್ತಿರ ಒಂದೇ ವಿಷಯ ಹಿಡಿದು ಕೂರುತ್ತೇನೆ. ಬತ್ತಾ ಟ್ರಿಪ್ಪಿನ ಲೆಕ್ಕ ಬೇಡ, ದಿನದ ಲೆಕ್ಕ ಆಗಲಿ. ಗಾಡಿ ಓಡಿದರೂ ಸರಿ, ನಿಂತರೂ ಸರಿ. ಬರೀ ಮಾತಿಗೆ ಬೆಲೆ ಇರುವುದಿಲ್ಲ, ಅದಕ್ಕೆ ಒಂದು ಸಣ್ಣ ನೋಟ್‌ಬುಕ್ ಕ್ಯಾಬಿನ್ನಿನಲ್ಲಿಡಿ. ಗೇಟಿಗೆ ಬಂದ ಹೊತ್ತು, ಒಳಗೆ ಬಿಟ್ಟ ಹೊತ್ತು, ಹೊರಗೆ ಬಂದ ಹೊತ್ತು ಬರೆಯಲಿ. ಗೇಟ್ ಪಾಸಿನ ಫೋಟೊ ನಿಮ್ಮ ವಾಟ್ಸಾಪಿಗೆ ಕಳಿಸಲಿ. ಮಾಲೀಕರ ಫಾಸ್ಟ್ಯಾಗ್ ಲೆಕ್ಕದಲ್ಲೂ ಟೋಲ್ ದಾಟಿದ ಸಮಯ ಇರುತ್ತದೆ, ಎರಡನ್ನೂ ಎದುರಿಗಿಟ್ಟು ಮಾತಾಡಿ. ಸಂಬಳವನ್ನು ಬ್ಯಾಂಕಿಗೇ ಹಾಕಿಸಿ. ನಾಳೆ ಅಪಘಾತವಾಗಿ ಪರಿಹಾರ ಕೇಳಬೇಕಾದರೆ ಆ ಬ್ಯಾಂಕ್ ಲೆಕ್ಕವೇ ಸಾಕ್ಷಿ.

ಆ ಎರಡು ಚೀಲದ ದುಡ್ಡು ಬಿಡಬೇಡಿ. ಡ್ರೈವರ್ ವಶಕ್ಕೆ ಕೊಟ್ಟ ಮಾಲು ಅವನ ಅಲಕ್ಷ್ಯದಿಂದಲೇ ಹೋಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಅದಕ್ಕೂ ಮೊದಲು ಅವನ ಮಾತು ಕೇಳಬೇಕು. ಮಿಲ್‌ನಲ್ಲಿ ಚೀಲ ಎಣಿಸಿದವರು ಯಾರು? ತಾಡಪತ್ರಿ ಕಟ್ಟುವಾಗ ನಿಮ್ಮವರು ಅಲ್ಲಿದ್ದರೇ? ಹಮಾಲರ ಕೊಕ್ಕೆಗೆ ಹರಿದು ಅಕ್ಕಿ ಚೆಲ್ಲಿದ ಚೀಲವನ್ನೂ ಕಡಿಮೆ ಲೆಕ್ಕಕ್ಕೆ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅನ್‌ಲೋಡ್ ರಸೀದಿಯ ಹಿಂದೆ ಏನು ಬರೆದಿದ್ದಾರೆ ಅಂತ ಮೊದಲು ನೋಡಿ. ಮಾಲೀಕರು ರಸೀದಿ ತೋರಿಸಲ್ಲ ಅಂದರೆ, ಹಿಡಿದುಕೊಂಡ ದಿನಾಂಕ ಮತ್ತು ಮೊತ್ತ ಬರೆದು ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.